ಮೂರು ತಾಸಿನ ಸಮುದ್ರ

ಹನ್ನೊಂದು ಮೊಬೈಲಿಗೆ ಹೊಸ ಗಾಜು ಕುಂದರಿಸಿದ ರೊಕ್ಕ
ಒಂದ ಒತ್ತಿಗೆ ಹೋತು.
ಡೌನ್‌ಲೋಡ್ ಆಗಾಕ ಐದು ತಾಸು,
ಆಡಾಕ ಮೂರು.
ಲೆಕ್ಕ ಎಲ್ಲಿ ತಪ್ಪೇತಿ ನೀವ ಹೇಳ್ರಿ.

ಮೊದಲನೇದು ಹಂಗಿರಲಿಲ್ಲ.
ವಾಸ್ಕೋದ ಮಂಗೋರ್ ಹಿಲ್ಲಿನ್ಯಾಗ ತಗಡಿನ ಕೋಣಿ,
ಕಾಯ್ತಾನನ ಅಪ್ಪ ಹಡಗಿನಿಂದ ತಂದ ಪೆಟ್ಟಿಗಿ,
ಒಂದು ಮಗ್ಗಲಿಗೆ ಹಸರು ಬಡದ ಟಿವಿ,
ಇಬ್ಬರಿಗೂ ಸೇರಿ ಒಂದ ಕಂಟ್ರೋಲರ್.
ಎಡಗಡೆ ಗುಂಡಿ ಅವನ ಹೆಬ್ಬೆರಳಿಗೆ, ಬಲಗಡೇವು ನನಗ.
ಅಂವ ಹುಟ್ಟು ಹಾಕಿದರ ನಾ ದೀಪ ಹಿಡೀತಿದ್ದೆ.
ಜೂನಿನಾಗ ದೋಣಿ ಬಿಟ್ಟವರು
ಚವತಿ ಹೊತ್ತಿಗೂ ದಂಡಿ ಕಂಡಿರಲಿಲ್ಲ.
ಅವ್ವ ಅವನ ಹೆಸರಿಗೆ ನಗತಿದ್ಲು:
"ಕಾಯ್ತಾನಂತ! ಯಾರಿಗೆ ಕಾಯ್ತಾನ?"

ಆ ಆಟದಾಗ ಒಬ್ಬ ಮುದುಕ ಅಂಬಿಗ ಇದ್ದ.
ಮೂರು ದಿನ ನಾವು ಹೋಗಲಿಲ್ಲಂದ್ರ
ಮಾರಿ ತಿರುವಿ ಬಲಿ ಹೊಲೀತಿದ್ದ.
ಅವ್ವ ಅಕ್ಕಿ ಆರಿಸ್ಕೋತ ನೋಡಾಕಿ,
"ಅಂವ ಉಂಡನೇನು?" ಅಂತ ಕೇಳಾಕಿ.
ಆಟ ಅದು ಅವ್ವ, ಅಂದ್ರ,
"ಆಟ ಇದ್ದರೇನಾತು, ಅವಗ ಹೊಟ್ಟಿ ಇಲ್ಲೇನು?"
ಮರುದಿನ ನಾವು ಖರೇನ ಒಂದು ಮೀನ ಹಿಡದು
ಅವನ ಮುಂದ ಇಟ್ವಿ.
ಏನೂ ಆಗಲಿಲ್ಲ. ಅಂಕ ಸಿಗಲಿಲ್ಲ, ಯಾವ ಬಾಗಲಾನೂ ತಗೀಲಿಲ್ಲ.
ಮುದುಕ ಮೀನ ನೋಡಿದ, ನಮ್ಮನ್ನ ನೋಡಿದ,
ಟೊಪ್ಪಿಗಿ ಸರಿಮಾಡ್ಕೊಂಡ.
ಇಷ್ಟ.
ಯಾರು ಕುಂತು ಮಾಡಿದ್ರೋ ಏನೋ,
ಯಾರೂ ನೋಡದನ ಹೋಗಬಹುದಾಗಿದ್ದ ಆ ಟೊಪ್ಪಿಗಿ.

ಹದಿಮೂರು ವರ್ಷದ ಮ್ಯಾಲೆ ಎರಡನೇ ಭಾಗ ಬರ್ತೈತಿ ಅಂದಾಗ
ಕಾಯ್ತಾನ ಫೋನ್ ಮಾಡಿದ.
ಈಗ ಅಂವನೂ ಅಪ್ಪನಂಗ
ಹಡಗಿನ ಅಡಗಿಮನ್ಯಾಗ ಉಳ್ಳಾಗಡ್ಡಿ ಹೆಚ್ಚತಾನ.
"ನತಾಲಕ್ಕ ಬರ್ತೀನಿ, ಅಲ್ಲೀತನಕ ಮುಟ್ಟಬ್ಯಾಡ.
ಕೂಡೇ ಆಡೋಣು."
ಹೂಂ ಅಂದೆ.
ನಂದೂ ತಪ್ಪೈತಿ, ಅದನ್ನೂ ಹೇಳಬೇಕು.
ನಾ ಕಾಯಲಿಲ್ಲ.
ಶುಕ್ರವಾರ ಅಂಗಡಿ ಷಟರ್ ಇಳಿಸಿ, ಮನಿಗೆ ಬಂದು
ಒಬ್ಬನ ಕುಂತೆ, ಕಳ್ಳ ಬೆಕ್ಕಿನಂಗ.

ಏನಿತ್ತು ಅಂತೀರಿ?
ನೀರು ಐತಿ, ತೆರಿ ಇಲ್ಲ.
ಹುಟ್ಟು ಕಲ್ಲಿನಾಗ ಹೊಕ್ಕು ಆ ಕಡೆ ಬರ್ತೈತಿ.
ಬಂದರದಾಗ ಏಳು ಮಂದಿ, ಏಳೂ ಮಂದಿಗೆ ಒಂದ ಮಾರಿ,
ಒಬ್ಬಗಷ್ಟ ಮೀಸಿ ಅಂಟಿಸ್ಯಾರ.
ನಮ್ಮ ಮುದುಕ ಬಂದ, ಹೊಸ ಅಂಗಿ ಹಾಕ್ಕೊಂಡು.
"ಸುಸ್ವಾಗತ, ಆಟಗಾರ" ಅಂದ,
ಟೋಲ್ ನಾಕಾದ ಬೋರ್ಡಿನಂಗ.
ಮೀನ ಹಿಡದು ಮುಂದ ಇಟ್ಟೆ.
ಅದು ಅವನ ಕಾಲಾಗ ಹಾದು ನೆಲದಾಗ ಇಳದು ಹೋತು.
ಅವ್ವ ಹಿಂದ ಬಂದು ನಿಂತು, ಚಸ್ಮಾ ಏರಿಸಿ
ಒಂದು ಗಳಿಗಿ ನೋಡಿದ್ಲು.
"ಇಂವ ಅಂವ ಅಲ್ಲ" ಅಂದ್ಲು,
ಹೊಳ್ಳಿ ಹೋಗಿ ಮಲಗಿದ್ಲು.

ಹನ್ನೊಂದೂವರಿಗೆ ಹೆಸರು ಮ್ಯಾಲೇರಾಕ ಹತ್ತಿದುವು.
ಉಪ್ಪು ಉಪ್ಪಿನಕಾಯಿ ಬಡಿಸಿ ಎಲಿ ಎತ್ತಿದಂಗ.
ಮೊದಲನೇದರಾಗ ಹನ್ನೆರಡ ಹೆಸರಿದ್ದುವು,
ಯಾರದೋ ನಾಯೀದು ಸೇರಿ.
ಇದರಾಗ ನಾಕುನೂರು. ಆ ಹನ್ನೆರಡರಾಗಿಂದು ಒಂದೂ ಇಲ್ಲ,
ನಾಯೀದೂ ಇಲ್ಲ.
ಸಿಟ್ಟು ಬರಬೇಕಾಗಿತ್ತು.
ಆದರ ಸಂಜಿಮುಂದ ಗಿರಾಕಿ ತಲಿ ಮ್ಯಾಲ ನಿಂತು
ಈಗ ಬೇಕಂದ್ರ ಈಗ ಬೇಕು ಅಂದಾಗ
ಒಳಗ ಸೀಳಿದ್ದಕ್ಕ ಮ್ಯಾಲ ಹೊಸ ಗಾಜು ಅಂಟಿಸಿ
ನಾನೂ ಕೊಟ್ಟೀನಿ.
ಯಾರಿಗೆ ಅಂತ ಹೇಳೂದಿಲ್ಲ.

ಕೆಳಗ ಖರೇ ಬಂದರದಾಗ ಕಲ್ಲಿದ್ದಲಿನ ಹಡಗೊಂದು ಕೂಗಿತು.
ಆಟ ಅಳಿಸಲಿಲ್ಲ. ನಾ ಆಡಿದ ಗುರುತಷ್ಟ ಅಳಿಸಿದೆ,
ಹೊಸದು ಅನಿಸಬೇಕಲ್ಲ ಅವಗ.
ಈಗಿಂದ ರೂಢಿ ಮಾಡ್ಕೊಳಾಕ ಹತ್ತೀನಿ:
ಗೊತ್ತಿದ್ದೂ ದಾರಿ ತಪ್ಪೂದು,
ತೆರಿ ಇಲ್ಲದ ನೀರಾಗ ದೋಣಿ ನಿಲ್ಲಿಸಿ
"ಇಲ್ಲೇನರ ಇರಬೇಕು ನೋಡು" ಅನ್ನೂದು.
ಹಂಗ ಹಿಂಗ ಮಾಡಿ ಮೂರು ತಾಸನ್ನ
ಐದಕ್ಕರ ಎಳೀಬೇಕು.
ಮುದುಕ ಬಂದಾಗ ಏನ ಮಾಡೂದು, ಅದೊಂದು ತಿಳೀವಲ್ದು.

ಮೀನ ಕಾಯ್ತಾನನ ಇಡಲಿ.